ನಿನ್ನ ಬಳೆ ಹೆಚ್ಚಲಿ

ರುಕ್ಮಿಣಿಬಾಯಿಯ ಅಂಗಡಿಗೆ ಹೊರಟ ಭಾನುವಾರ ಶೈಲಾ ಬೇಕೆಂದೇ ಕೈ ಬರಿದು ಮಾಡಿಕೊಂಡಳು. ಚಿನ್ನದ ಬಳೆ ಕಪಾಟು ಸೇರಿತು. ಗಾಜಿನವು ಸಾಬೂನು ನೀರಿನಲ್ಲಿ ಒಂದೊಂದಾಗಿ ಜಾರಿ ಬಚ್ಚಲ ಗೂಡಿಗೆ ಹೋದವು. ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ. ಆದರೆ ಘಾಟ್ಕೋಪರಿನ ಆ ಬಿಲ್ಡಿಂಗಿನ ಲಿಫ್ಟಿನಲ್ಲಿ ಎದುರು ಮನೆಯಾಕೆ ಅವಳ ಮುಂಗೈ ನೋಡಿ ಗಾಬರಿಯಾದಳು. "ಕ್ಯಾ ಹುವಾ ಭಾಭಿ? ಸಬ್ ಠೀಕ್ ಹೈ ನಾ?"

"ಸಬ್ ಠೀಕ್. ಚೂಡಿ ಪೆಹನ್‌ನೇ ಜಾ ರಹೀ ಹೂಂ," ಎಂದಳು ಶೈಲಾ. ಬಳೆ ತೊಡಲು ಹೊರಟಿದ್ದೇನೆ ಎಂದದ್ದು ಸುಳ್ಳೇನೂ ಅಲ್ಲ.

ಚೆಂಬೂರು ಸ್ಟೇಷನ್ನಿನ ಹೊರಗೆ ಹಿತೇಶ್ ಕಾಯುತ್ತಿದ್ದ. ಮಂಗಳೂರು ಕಡೆಯವರ ಹುಡುಗ, ಮುಂಬಯಿಯಲ್ಲೇ ಹುಟ್ಟಿ ಬೆಳೆದವನು. ಅಜ್ಜ ವಡಾಲದಲ್ಲಿ ಹೋಟೆಲು ನಡೆಸಿದ್ದನಂತೆ. ಮೊಮ್ಮಗ ಭಾನುವಾರ ಬಂದರೆ ನಗರದ ಹಳೆಯ ಜಾಗಗಳನ್ನು ಜನಕ್ಕೆ ತೋರಿಸುತ್ತ ನಡೆಸಿಕೊಂಡು ಹೋಗುತ್ತಾನೆ. ಅವನು ಫೋನಿನಲ್ಲಿ ಹಾಕಿದ್ದ ಜಾಹೀರಾತನ್ನು ಶೈಲಾ ತನ್ನ ಹೊಲಿಗೆ ಅಂಗಡಿಯಲ್ಲಿ ಕುಳಿತು ನೋಡಿದ್ದಳು. ನಗರದ ಹೊಟ್ಟೆಯೊಳಗೆ ಉಳಿದ ಹಳ್ಳಿ ಅಂಗಡಿ, ಅಲ್ಲೊಬ್ಬಳು ನಗುವ ಅಜ್ಜಿ. ಚಿತ್ರದಲ್ಲಿ ರುಕ್ಮಿಣಿಬಾಯಿ ಮೊಣಕೈವರೆಗೂ ಹಸಿರು ಬಳೆ ತೊಟ್ಟು ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದಳು. ಶೈಲಾ ಯಂತ್ರದ ಗಾಲಿಯನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿದ್ದಳು. ಅವ್ವ ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ.

"ಆಂಟಿ, ನೀವು ಕನ್ನಡದವರಾ? ಸೂಪರ್ ಆಯ್ತು," ಎಂದ ಹಿತೇಶ್. "ಅಜ್ಜಿದು ಆ ಕಡೆ ಕನ್ನಡ ಉಂಟಲ್ಲ, ನನಗೆ ಅರ್ಧ ಅರ್ಧ ತಿಳಿಯೂದು. ನೀವು ಹೆಲ್ಪ್ ಮಾಡ್ಬೇಕು."

"ಮಾಡ್ತೀನಪ್ಪ," ಎಂದಳು ಶೈಲಾ.

ಶೈಲಾ ಬೆಳೆದ ಆ ಊರು ಅವಳು ಬಿಟ್ಟುಹೋದ ಹಾಗೆಯೇ ಇತ್ತು. ಒಂದು ಕಡೆ ರಿಫೈನರಿಯ ಗೋಡೆ, ಇನ್ನೊಂದು ಕಡೆ ಕೆಸರು ಕಡಲು, ನಡುವೆ ಹೆಂಚಿನ ಮನೆಗಳ ಒಂದು ಹಿಡಿ ಓಣಿ. ಅಲ್ಲಿಯ ಮೂಲದವರು ಮೀನುಗಾರರು. ಅವರ ಬೆನ್ನಿಗೆ, ರಿಫೈನರಿ ಕಟ್ಟುವಾಗ ಕಲ್ಲು ಮಣ್ಣು ಹೊರಲು ಬಂದ ವಿಜಾಪುರದ ಕಡೆಯವರು ಝೋಪಡಿ ಹಾಕಿಕೊಂಡಿದ್ದರು. ಅಂಗಡಿ ಅವರಿಬ್ಬರ ನಡುವೆ, ಓಣಿ ತಿರುಗುವಲ್ಲಿ ಇತ್ತು. ಹಲಗೆಯ ಬಾಗಿಲು, ಎತ್ತರದ ಕಟ್ಟೆ. ಒಳಗೆ ಕಾಲಿಟ್ಟರೆ ಬೆಲ್ಲ, ಸೀಮೆಎಣ್ಣೆ, ಒಣಮೀನು, ಊದಿನಕಡ್ಡಿ ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬರುತ್ತಿತ್ತು. ಮೇಲಿನಿಂದ ಹಗ್ಗ, ಪೊರಕೆ, ಬಲೆಯ ದಾರ, ಲಾಟೀನಿನ ಗಾಜು ತೂಗಿಬಿದ್ದಿದ್ದವು. ಗೋಣಿಯ ಮೇಲೆ ಬೆಲ್ಲದ ಪೆಂಟೆ, ಪೆಂಟೆಯ ಮೇಲೆ ಜೇನುನೊಣ. ಬಂದ ಹುಡುಗ ಹುಡುಗಿಯರು "ವಾವ್" ಎನ್ನುತ್ತ ಫೋನು ಎತ್ತಿದರು. ಒಬ್ಬಳು ಪೇಪರಿನ ಪೊಟ್ಟಣಕ್ಕೆ ಮೂಗಿಟ್ಟು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

ಶೈಲಾ ನೋಡಿದ್ದು ತಕ್ಕಡಿಯನ್ನು. ಹಿತ್ತಾಳೆಯ ಅದೇ ತಕ್ಕಡಿ, ಅದೇ ಸರಪಳಿ. ಈಗ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿದ್ದರು.

ಆ ಓಣಿಯ ಕನ್ನಡದ ಒಂದು ರೀತಿ ಹೊರಗಿನವರಿಗೆ ತಿಳಿಯುವುದಿಲ್ಲ. ಅಲ್ಲಿ ಶುಭದ ವಸ್ತು ಯಾವುದೂ ಹಾಳಾಯಿತು ಎನ್ನಬಾರದು. ಬಳೆ ಚೂರಾದರೆ 'ಬಳಿ ಹೆಚ್ಯಾವು' ಎನ್ನಬೇಕು. ತಾಳಿಯ ದಾರ ಹರಿದರೆ ಅದೂ ಹೆಚ್ಚಿತು. ದೀಪ ಆರಿಸಿದರೆ ದೀಪ ಹೆಚ್ಚಿಸಿದ್ದು, ಅಂಗಡಿಗೆ ಬಾಗಿಲು ಹಾಕಿದರೆ ಅಂಗಡಿ ಹೆಚ್ಚಿಸಿದ್ದು. ಪಕ್ಕದ ಮರಾಠಿಯವರೂ ತಮ್ಮ ಮಾತಿನಲ್ಲಿ ಹೀಗೆಯೇ ಅನ್ನುತ್ತಾರೆ. 'ಒಡೆಯಿತು' ಎಂಬ ಮಾತನ್ನು ಒಂದೇ ಒಂದು ಬಳೆಗೆ ಎತ್ತಿಟ್ಟಿದ್ದರು. ಅದು ಗಂಡ ಸತ್ತವಳ ಬಳೆ.

ಶೈಲಾಳ ತಾಯಿ ರಾಚವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ಹಣಮಂತ ಗುಜರಾತಿನ ಕಡೆ ಹಡಗು ಒಡೆಯುವ ಕೆಲಸಕ್ಕೆಂದು ಹೋಗಿ ತಿಂಗಳುಗಟ್ಟಲೆ ಸುದ್ದಿ ಇರಲಿಲ್ಲ. ಒಂದು ದಿನ ರಾಚವ್ವ ಬೇಳೆ ತೂಗಿಸಿಕೊಳ್ಳುವಾಗ ಏನನ್ನಿಸಿತೋ, ಕೈ ನೀಡಿ ತಕ್ಕಡಿಯ ತಟ್ಟೆ ಮಗುಚಿಬಿಟ್ಟಳು. ತಳಕ್ಕೆ, ತೂಕ ಕದಿಯಲು, ಹುಣಸೆಹಣ್ಣಿನ ಉಂಡೆ ಅಂಟಿಸಿತ್ತು. ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನೋಡಿದರು. ನಕ್ಕರು ಕೂಡ. ರುಕ್ಮಿಣಿಬಾಯಿ ಹುಣಸೆಹಣ್ಣು ಕಿತ್ತು ಒರೆಸಿ ಬೇಳೆ ಕಟ್ಟಿಕೊಟ್ಟಳು.

ಅದಾದ ಮೇಲೆ ಒಂದು ಸಂಜೆ, ಜಲ್ಲಿಯ ಬುಟ್ಟಿ ತಾಗಿ ರಾಚವ್ವನ ಬಳೆಗಳು ಹೋದವು. ಹೊಸದು ಇಡಿಸಿಕೊಳ್ಳಲು ಅಂಗಡಿಗೆ ಬಂದಳು. ಬಳೆಯ ವ್ಯಾಪಾರವೂ ಅಲ್ಲಿಯೇ. ಲಂಗದ ಶೈಲಾ ಅವಳ ಸೆರಗು ಹಿಡಿದು ನಿಂತಿದ್ದಳು. ರುಕ್ಮಿಣಿಬಾಯಿ ಆ ಬರಿಗೈ ನೋಡಿದಳು, ಕಟ್ಟೆ ತುಂಬ ಕೂತವರನ್ನು ನೋಡಿದಳು, ಆಮೇಲೆ ಓಣಿಯ ಕೊನೆಯವರೆಗೂ ಕೇಳುವ ಹಾಗೆ ಕೇಳಿದಳು: "ಏನ ರಾಚವ್ವ, ಬಳಿ ಒಡದಾವೇನ?"

ಅಷ್ಟೇ. ಬಳೆಯ ಪೆಟ್ಟಿಗೆಯ ಮುಚ್ಚಳ ಹಾಕಿದಳು. "ಒಡದ ಕೈಗೆ ನಾ ಬಳಿ ಇಡಸೂದಿಲ್ಲವ್ವ."

ಹೊತ್ತು ಮುಳುಗುವುದರೊಳಗೆ ಹೆಂಗಸರು ಅಳುತ್ತ ಝೋಪಡಿಗೆ ಬಂದರು. ಗುಜರಾತಿನಿಂದ ಸುದ್ದಿ ಬಂದಿದೆ, ಅಂಗಡಿಯಾಕೆಗೆ ಮೊದಲು ತಿಳಿದಿದೆ ಎಂದೇ ಎಲ್ಲರೂ ನಂಬಿದರು. ರಾಚವ್ವ ಇಲ್ಲ ಇಲ್ಲ ಎಂದಳು. ಎಷ್ಟು ಅಂದಾಳು? ಅಳುವವರ ನಡುವೆ ಕೂತು ಕೂತು ಅವಳಿಗೇ ಅನುಮಾನ ಹುಟ್ಟಿತು. ಬೇರೆಲ್ಲಿಗೋ ಹೋಗಿ ಬಳೆ ತೊಟ್ಟು ಬಂದರೆ, ಗಂಡ ಸತ್ತರೂ ಚಂದ ಮಾಡಿಕೊಂಡಳು ಎನ್ನುವರು. ತೊಡದೆ ಉಳಿದಳು. ಸುಗ್ಗಿಯ ಹೊತ್ತಿಗೆ ಹಣಮಂತ ಗಟ್ಟಿಮುಟ್ಟಾಗಿ ಬಂದ. ಮನೆ ಮುಟ್ಟುವ ಮೊದಲೇ ಚಹಾದ ಗಾಡಿಯ ಹತ್ತಿರ ಯಾರೋ ಅವನನ್ನು ಕಂಡು, ಸತ್ತವನು ಎದ್ದು ಬಂದ ಎಂದು ಚೀರಿದರು. ಅವನು ಬಾಗಿಲಲ್ಲಿ ನಿಂತು ಹೆಂಡತಿಯ ಮುಂಗೈ ನೋಡಿದ. "ನಾ ಜೀವಂತ ಇದ್ದಾಗs ಕೊಂದ ಕುಂತೀಯಲ್ಲ," ಎಂದ. ಒಳಗೆ ಬರಲಿಲ್ಲ. ಈಗಲೂ ಸೊಲ್ಲಾಪುರದಲ್ಲಿ ಇನ್ನೊಂದು ಸಂಸಾರದೊಡನೆ ಇದ್ದಾನೆ. ಅವನು ಬದುಕಿರುವುದನ್ನು ಕಂಡ ಮೇಲೂ, ಒಮ್ಮೆ ಒಡೆದ ಕೈಗೆ ಮತ್ತೆ ಬಳೆಯಿಲ್ಲ ಎಂದೇ ಓಣಿ ಅಂದಿತು.

ಅವ್ವ ಸತ್ತಾಗ ಶೈಲಾ ಹಸಿರು ಬಳೆ ತಂದಿದ್ದಳು. ಗಂಡನಿರುವವಳು, ಮುತ್ತೈದೆಯಾಗಿಯೇ ಹೋಗಲಿ ಎಂದು. ಓಣಿಯ ಹಿರಿಯಳು ಸೋಮವ್ವ ಅವಳ ಕೈ ಹಿಡಿದು ತಡೆದಳು. "ಬ್ಯಾಡ ಶೈಲಾ. ಆಕಿ ಬಳಿ ಯಾವಾಗಲೋ ಒಡದಾವ." ಮಡಿಸಿದ ಕಾಗದದಲ್ಲಿ ಆ ಬಳೆಗಳು ಹಾಗೆಯೇ ಮನೆಗೆ ವಾಪಸು ಬಂದವು. ಅಂದಿನಿಂದ ಶೈಲಾಳ ಹೊಟ್ಟೆಯಲ್ಲಿ ಕೆಂಡ ಆರಲಿಲ್ಲ. ಬ್ಲೌಸಿಗೆ ಕತ್ತರಿ ಹಾಕುವಾಗ, ಅನ್ನಕ್ಕೆ ನೀರಿಡುವಾಗ, ಲೋಕಲ್ಲಿನಲ್ಲಿ ಜೋತುಬಿದ್ದಾಗ ಒಂದೇ ಚಿತ್ರ: ರುಕ್ಮಿಣಿಬಾಯಿ ತನ್ನದೇ ಅಂಗಡಿಯಲ್ಲಿ, ಜನರ ನಡುವೆ, ಆ ಪ್ರಶ್ನೆ ಕೇಳಿಸಿಕೊಳ್ಳಬೇಕು. ಅವಳ ಗಂಡ ಗದಿಗೆಪ್ಪ ಇನ್ನೂ ಇದ್ದಾನೆ. ಅವಳ ಗರ್ವವೆಲ್ಲ ಆ ಮೊಣಕೈವರೆಗಿನ ಹಸಿರಿನಲ್ಲಿದೆ. ಅಲ್ಲಿಗೇ ಹೊಡೆಯಬೇಕು.

"ಯಾರಿಗೆ ಬ್ಯಾಂಗಲ್ಸ್ ಟ್ರೈ ಮಾಡ್ಲಿಕ್ಕುಂಟು?" ಎಂದು ಹಿತೇಶ್ ಕೂಗಿದ.

ಶೈಲಾ ಕಟ್ಟೆ ಹತ್ತಿ ಕೂತು ಎರಡೂ ಕೈ ನೀಡಿದಳು.

ಗದಿಗೆಪ್ಪ ಗೋಡೆಗೊರಗಿ ಕೂತಿದ್ದ. ಕಿವಿ ಪೂರ್ತಿ ಹೋಗಿತ್ತು; ಯಾರು ಕಂಡರೂ ಕೈ ಮುಗಿದು ನಗುತ್ತಿದ್ದ. ರುಕ್ಮಿಣಿಬಾಯಿ ಶೈಲಾಳ ಅಂಗೈ ಮಡಚಿ, ಗೆಣ್ಣು ಒತ್ತಿ ಮೊದಲ ಬಳೆ ಏರಿಸಿದಳು. ಎರಡನೆಯದಕ್ಕೆ ಹೆಬ್ಬೆರಳ ಬುಡದಲ್ಲಿ ತಡೆಯಿತು. ಅವ್ವನ ಕೈಯಲ್ಲಿದ್ದ ಹಾಗೆಯೇ ಅಲ್ಲೊಂದು ಎಲುಬು ಹೊರಚಾಚಿತ್ತು. ಮುದುಕಿ ಅದನ್ನೊಮ್ಮೆ ಸವರಿದಳು. ಮುಖ ಮಾತ್ರ ಫೋನುಗಳ ಕಡೆ ನಗುತ್ತಲೇ ಇತ್ತು.

"ರಾಚವ್ವನ ಮಗಳೇನ ನೀ?"

"ಹೂಂ."

"ದಪ್ಪ ಆಗೀದಿ. ಸುಖದಾಗ ಇದ್ದೀ ಅಂದಂಗಾತು."

"ನಮ್ಮವ್ವ ತೀರಿಕೊಂಡ್ಳು. ಬರಿಗೈಲೆ ಹೋದ್ಳು."

"ಕೇಳೇನಿ." ಇನ್ನೊಂದು ಬಳೆ ಏರಿತು.

"ಅವತ್ತ ನಿನ್ನ ಬಾಯಿ ತಪ್ಪಿ ಬಂತಂತ ಜನಾ ಅಂತಾರ."

ರುಕ್ಮಿಣಿಬಾಯಿ ಈಗ ನಿಜವಾಗಿ ನಕ್ಕಳು. "ನಂದು ಬಾಯಿ ತಪ್ಪೂದಿಲ್ಲವ್ವ, ವ್ಯಾಪಾರಸ್ತರ ಬಾಯಿ. ನಿಮ್ಮವ್ವ ನನ್ನ ತಕ್ಕಡಿ ಮಗುಚಿದ್ಲು. ಓಣಿ ಮಂದಿ ಮುಂದ."

"ಹುಣಸಿಹಣ್ಣ ಹಚ್ಚಿದಾಕಿ ನೀನು."

"ಎಲ್ಲಾರೂ ಹಚ್ಚತಾರ. ಎತ್ತಿ ತೋರಸೂದು ಆಕೀಗೆ ಬ್ಯಾಡಾಗಿತ್ತು. ಕೈ ಸಡ್ಲ ಬಿಡ, ಬಿಗಿ ಹಿಡದ್ರ ಹೆಚ್ಚತಾವ."

ಎಂಥ ಮರ್ಯಾದೆಯ ಮಾತು! ಹೆಚ್ಚತಾವ. ಶೈಲಾಳ ಗಂಟಲಲ್ಲಿ ಇಷ್ಟು ದಿನ ಸಾಣೆ ಹಿಡಿದ ಪ್ರಶ್ನೆ ಸಿದ್ಧವಾಗಿತ್ತು. ಆದರೆ ಈ ಹೆಣ್ಣಿನ ನಗುವನ್ನು ಇಷ್ಟು ಹತ್ತಿರದಿಂದ ನೋಡಿದಾಗ ಅವಳಿಗೆ ಒಂದು ತಿಳಿದುಹೋಯಿತು. 'ಒಡದಾವೇನ' ಎಂದರೆ ರುಕ್ಮಿಣಿಬಾಯಿ ಎದೆ ಬಡಿದುಕೊಂಡಾಳು. ಮೆಣಸಿನಕಾಯಿ ನಿವಾಳಿಸಿ, ಗಂಡನ ಕಾಲು ಹಿಡಿದು ಅತ್ತಾಳು. ಅಷ್ಟೂ ಫೋನುಗಳು ಅಜ್ಜಿಯ ಪರ ಆದಾವು. ಮನೆಗೆ ಹೋಗುವಾಗ ಕೆಟ್ಟವಳಾಗಿ ಹೋಗುವವಳು ಶೈಲಾ.

"ಆಂಟಿ," ಹಿತೇಶ್ ಫೋನು ಹಿಡಿದು ಬಗ್ಗಿದ. "ಅಜ್ಜಿಗೆ ಕನ್ನಡದಲ್ಲಿ ಏನಾದ್ರೂ ಒಳ್ಳೇದು ಹೇಳಿ ನೋಡುವ. ಬ್ಲೆಸ್ಸಿಂಗ್ ಟೈಪ್. ವಿಡಿಯೋಗೆ."

ಶೈಲಾ ಎದ್ದು ನಿಂತಳು. ಹೊಸ ಬಳೆಯ ಕೈಗಳನ್ನು ಜೋಡಿಸಿದಳು. ತನಗೇ ಅಚ್ಚರಿಯಾಗುವಷ್ಟು ಮೆಲ್ಲಗೆ, ಸ್ಪಷ್ಟವಾಗಿ ಹೇಳಿದಳು.

"ರುಕ್ಮಿಣಿಬಾಯಿ, ನಿನ್ನ ಬಳಿ ಹೆಚ್ಚಲಿ. ನಿನ್ನ ಅಂಗಡಿ ಹೆಚ್ಚಲಿ. ನಿನ್ನ ಮನಿ ದೀಪ ಹೆಚ್ಚಲಿ."

ಮುದುಕಿಯ ಮುಖದ ನೆತ್ತರು ಇಳಿದುಹೋಯಿತು. ಅವಳು ಗಬಕ್ಕನೆ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ವಾಹ್! ಮತ್‌ಲಬ್," ಹಿತೇಶ್ ಜನರ ಕಡೆ ತಿರುಗಿ ಸಂಭ್ರಮದಿಂದ ಬಿಡಿಸಿ ಹೇಳಿದ, "ಆಪ್‌ಕೀ ಚೂಡಿಯಾಂ ಬಢೇಂ, ದುಕಾನ್ ಬಢೇ, ಘರ್ ಕಾ ದೀಯಾ ಬಢೇ! ಜಾಸ್ತಿ ಆಗ್ಲಿ ಅಂತ. ಎಲ್ರೂ ಹೇಳುವ, ಹಾಂ?"

ಹಳೆಯ ಹಿಂದಿಯಲ್ಲೂ ದೀಪ 'ಬಢಾನಾ' ಎಂದರೆ ಆರಿಸುವುದೇ; ಆ ಮಾತು ಬಲ್ಲ ಮುದುಕರು ಯಾರಾದರೂ ಗುಂಪಿನಲ್ಲಿ ಇದ್ದಿದ್ದರೆ ಹುಬ್ಬೇರಿಸುತ್ತಿದ್ದರೋ ಏನೋ. ಇದ್ದವರೆಲ್ಲ ಎಳೆಯರು. ತೊದಲುವ ನಾಲಿಗೆಯಲ್ಲಿ, ಕೈ ಮುಗಿದು, ಅವರೆಲ್ಲ ಒಟ್ಟಿಗೆ ಹೇಳಿದರು: "ಬಳಿ ಹೆಚ್ಚಲಿ! ಅಂಗಡಿ ಹೆಚ್ಚಲಿ! ದೀಪ ಹೆಚ್ಚಲಿ!"

ಜೋಡಿಸಿದ ಕೈಗಳನ್ನು ಕಂಡ ಗದಿಗೆಪ್ಪ ತಾನೂ ಕೈಯೆತ್ತಿ ಹರಸಿದ. "ಆಗಲಿ, ಆಗಲಿ."

ಆ ವಿಡಿಯೋ ಎಲ್ಲೆಲ್ಲಿಗೋ ಹೋಯಿತು. ಮುಂದಿನ ಭಾನುವಾರ ಇನ್ನೂ ದೊಡ್ಡ ಗುಂಪು ಬಂತಂತೆ, ಅದರ ಮುಂದಿನ ವಾರ ಅದಕ್ಕಿಂತ ದೊಡ್ಡದು. ಹಿತೇಶ್ ವಾರವಾರವೂ ಶೈಲಾಗೆ ಹೊಸ ಹೊಸ ತುಣುಕು ಕಳಿಸುತ್ತಿದ್ದ. ಪ್ರತಿ ತುಣುಕಿನ ಕೊನೆಗೂ ಅದೇ ಹಾರೈಕೆ, ಅದೇ ಚಪ್ಪಾಳೆ, ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡ ಅದೇ ಮುದುಕಿ. ಸೇಡು ತೀರಿದರೆ ಹೊಟ್ಟೆ ತಂಪಾಗುತ್ತದೆ ಎಂದು ಶೈಲಾ ತಿಳಿದಿದ್ದಳು. ಹಾಗಾಗಲಿಲ್ಲ. ಹಸಿವೆ ಇನ್ನೂ ಹೆಚ್ಚಾಯಿತು. ಭಾನುವಾರ ಬೆಳಿಗ್ಗೆ ಒಗ್ಗರಣೆ ಹಾಕುತ್ತಿರುವಾಗಲೂ, ಈಗ ಅಲ್ಲಿ ಹೇಳುತ್ತಿರಬಹುದು ಎಂದು ನೆನೆದು ಒಳಗೊಳಗೇ ಸುಖಪಡುತ್ತಿದ್ದಳು. ಆ ಸುಖಕ್ಕೆ ಅವಳಿಗೆ ನಾಚಿಕೆಯಾಗಲಿಲ್ಲ. ಆಗಬೇಕಿತ್ತೇ ಎಂದು ಒಮ್ಮೆ ತನ್ನನ್ನೇ ಕೇಳಿಕೊಂಡಳು. ಅವ್ವನ ಬೋಳು ಮುಂಗೈ ನೆನಪಾಯಿತು. ಸಾಸಿವೆ ಸಿಡಿಯಿತು, ಬೇಳೆ ಸುರಿದಳು.

ಒಂದು ಮಧ್ಯಾಹ್ನ ಅವಳ ಹೊಲಿಗೆ ಅಂಗಡಿಯ ಮುಂದೆ ಆಟೋ ನಿಂತು ರುಕ್ಮಿಣಿಬಾಯಿ ಇಳಿದಳು. ಹಿತೇಶನಿಂದ ವಿಳಾಸ ಕೇಳಿಕೊಂಡು ಒಬ್ಬಳೇ ಬಂದಿದ್ದಳು. ಅಳತೆ ಕೊಡಲು ಬಂದಿದ್ದ ಗುಜರಾತಿ ಹೆಂಗಸರು ಜಾಗ ಬಿಟ್ಟರು. ಮುದುಕಿ ಸ್ಟೂಲಿನ ಮೇಲೆ ಕೂತು, ಏದುಸಿರು ನಿಲ್ಲುವವರೆಗೆ ನೆಲ ನೋಡಿದಳು.

"ಆತ ಉಣ್ಣವೊಲ್ಲ," ಎಂದಳು. "ಹದಿನೈದು ದಿನಾತು. ಗಂಜಿ ಕೊಟ್ರೂ ಹೊರಗ ಬರತೈತಿ."

"ವಯಸ್ಸಾಗೈತಿ."

"ವಯಸ್ಸಲ್ಲ. ಆ ಮಾತು. ಅಷ್ಟ ಮಂದಿ ಸೇರಿ, ಆತನ ಮುಂದs... ಅದಕ್ಕ ಆತ ಆಗಲಿ ಅಂತಾನ ಶೈಲಾ, ನನ್ನ ಗಂಡ ತನ್ನ ಸಾವಿಗೆ ತಾನs ಆಗಲಿ ಅಂತಾನ!" ಅವಳು ಕೈ ಹಿಡಿಯಲು ಬಂದಳು. ಶೈಲಾ ಟೇಪನ್ನು ಕೊರಳಿಗೆ ಹಾಕಿಕೊಳ್ಳುವ ನೆವದಲ್ಲಿ ಕೈ ಎಳೆದುಕೊಂಡಳು. "ಆ ಹುಡುಗಗ ಬ್ಯಾಡ ಅಂತ ಹೇಳವ್ವ. ನಿಮ್ಮವ್ವ ಹೋದ್ಲು. ಆಗಿದ್ದು ಆಗಿಹೋತು. ನನ್ನ ಗಂಡ ಇನ್ನೂ ಇದ್ದಾನ."

"ನಮ್ಮಪ್ಪನೂ ಇದ್ದಾನ," ಎಂದಳು ಶೈಲಾ. "ಸೊಲ್ಲಾಪುರದಾಗ."

ಯಂತ್ರದ ಮುಂದೆ ಕೂತಿದ್ದ ಕೆಲಸದ ಹುಡುಗಿ ಕತ್ತರಿ ಕೆಳಗಿಟ್ಟು ಇಬ್ಬರನ್ನೂ ನೋಡಿದಳು.

"ಬ್ಯಾಡ ಅಂತ ಹೇಳತೇನಿ," ಶೈಲಾ ಕೊನೆಗೆ ಅಂದಳು. "ಆದರ ಮೊದಲ ನೀ ಹೇಳಬೇಕು. ಇಲ್ಲಲ್ಲ, ನಿನ್ನ ಕಟ್ಟಿ ಮ್ಯಾಲ. ಸೋಮವ್ವನ್ನ ಕರಕೊಂಡ ಬರತೇನಿ. ಆಕಿ ಮುಂದ ಹೇಳಬೇಕು, ಅವತ್ತ ನಮ್ಮವ್ವನ ಬಳಿಗೆ ಏನಾಗಿತ್ತಂತ."

"ಹೇಳಿದ್ರ ನಿಲ್ಲಸ್ತೀಯೇನ?"

"ಬ್ಯಾಡ ಅಂತ ಹೇಳತೇನಿ. ಮಾತಂದ್ರ ಮಾತು."

ಭಾನುವಾರ ಶೈಲಾ ಸೋಮವ್ವನ ತೋಳು ಹಿಡಿದು ಅಂಗಡಿಯ ಮುಂದೆ ನಿಲ್ಲಿಸಿದಳು. ಸೋಮವ್ವನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಹಿತೇಶನ ಗುಂಪು ಓಣಿಯಲ್ಲಿ ಬರುತ್ತಿತ್ತು. ಗದಿಗೆಪ್ಪನನ್ನು ಒಳಗೆ ಮಲಗಿಸಿದರೆ ಅವನು ಹಟ ಮಾಡಿ ಬಾಗಿಲಿಗೆ ಬರುತ್ತಿದ್ದನಂತೆ, ಜನ ನೋಡುವ ಆಸೆಗೆ. ಇಂದೂ ಕಂಬಳಿ ಹೊದ್ದು ಗೋಡೆಗೊರಗಿದ್ದ. ಕೆನ್ನೆ ಇಷ್ಟು ದಿನದಲ್ಲಿ ಗುಳಿಬಿದ್ದಿತ್ತು.

ರುಕ್ಮಿಣಿಬಾಯಿ ಎದ್ದು ನಿಂತು ಕಟ್ಟೆಯ ಕಂಬ ಹಿಡಿದಳು. ಅಂದಿನ ದನಿ ಈಗ ಅವಳಲ್ಲಿ ಇರಲಿಲ್ಲ. ಆದರೂ ಕೇಳಿಸುವಷ್ಟು ಹೇಳಿದಳು.

"ಸೋಮವ್ವ, ರಾಚವ್ವನ ಬಳಿ ಒಡದಿದ್ದಿಲ್ಲ. ಕೆಲಸದಾಗ ಹೆಚ್ಚಿದ್ದವು. ನನಗ ಗೊತ್ತಿತ್ತು. ಒಡದಾಕಿ ನಾನು."

ಸೋಮವ್ವ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಅಯ್ಯ ಶಿವನ! ಮುತ್ತೈದಿನ್ನ ಬರಿಗೈಲೆ ಕಳಿಸಿದೆನಲ್ಲೋ ನಾ! ಎಂಥಾ ನಾಲಗಿ ನಿಂದು ರುಕ್ಮಿಣಿ, ಉದುರಿ ಬೀಳಲಿಲ್ಲಲ್ಲ ಅದು!"

ಈ ಮಾತಿಗಾಗಿ ಶೈಲಾ ಬಾಳೆಲ್ಲ ಕಾದಿದ್ದಳು. ಕೇಳಿಸಿಕೊಂಡಳು. ಅದು ಅವಳೊಳಗೆ ಇಳಿಯಿತು, ಕೆಳಗೆ, ಇನ್ನೂ ಕೆಳಗೆ, ಎಲ್ಲಿಯೂ ತಳ ಮುಟ್ಟಿದ ಸದ್ದು ಬರಲಿಲ್ಲ.

"ಆಂಟಿ! ನೀವು ಬಂದದ್ದಾ!" ಹಿತೇಶ್ ಓಡಿ ಬಂದ. "ಅಜ್ಜಿ ಏನೋ ಹೇಳಿದ್ರಲ್ಲ, ಎಂತದು?"

"ಹಳೇದು. ಹಿತೇಶ್, ಆ ಹೆಚ್ಚಲಿ ಅನ್ನೋ ಮಾತು ಇನ್ನು ಮೇಲೆ ಹೇಳಿಸಬೇಡ."

"ಯಾಕೆ ಆಂಟಿ? ಜನ ಅದಕ್ಕೇ ಬರೂದು ಮಾರಾಯ್ರೆ. ಒಳ್ಳೇ ಅರ್ಥ ಅಲ್ವಾ? ಹೆಚ್ಚಲಿ ಅಂದ್ರೆ ಜಾಸ್ತಿ ಆಗ್ಲಿ."

"ಬೇಡ ಅಂದೆ."

"ರೀಸನ್ ಹೇಳಿ, ನಿಲ್ಲಿಸ್ತೇನೆ. ಪ್ರಾಮಿಸ್."

ಶೈಲಾ ರುಕ್ಮಿಣಿಬಾಯಿಯ ಕಡೆ ನೋಡಿದಳು. "ಅಜ್ಜಿಯನ್ನೇ ಕೇಳು."

ರುಕ್ಮಿಣಿಬಾಯಿ ಬಾಯಿ ತೆರೆದಳು. ಅರ್ಥ ಹೇಳಬೇಕಾದರೆ ಆ ಮಾತು ಆಡಬೇಕು. ತನ್ನ ಬಳೆ, ತನ್ನ ದೀಪ ಎಂದು, ಒಡೆಯಲಿ ಆರಲಿ ಎಂದು, ತನ್ನ ಬಾಯಿಂದಲೇ, ಗೋಡೆಗೊರಗಿದ ಗಂಡನ ಎದುರಿಗೇ ಹೇಳಬೇಕು. ತುಟಿ ಅಲುಗಿತು. ಮತ್ತೆ ಮುಚ್ಚಿತು.

"ನೀ ಹೇಳ ಶೈಲಾ," ಎಂದಳು. ಮಗುವಿನ ದನಿ. "ನಿನ್ನ ಕಾಲ ಬೀಳತೇನಿ. ಅರ್ಥ ನೀ ಹೇಳ."

"ಬ್ಯಾಡ ಅಂತ ಹೇಳತೇನಿ ಅಂದಿದ್ದೆ, ಹೇಳೇನಿ," ಎಂದಳು ಶೈಲಾ. "ಅರ್ಥ ಹೇಳತೇನಿ ಅಂದಿದ್ದಿಲ್ಲ."

ಹಿತೇಶ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಏನೂ ತಿಳಿಯದೆ ನಕ್ಕ. ಅಜ್ಜಿಗೆ ನಾಚಿಕೆ ಎಂದುಕೊಂಡನೇನೋ. ಹಿಂದೆ ಜನ ಬಿಸಿಲಲ್ಲಿ ನಿಂತು ಬೇಸತ್ತಿದ್ದರು. ಅವನು ಕೈ ತಟ್ಟಿ ಅವರನ್ನು ಕಟ್ಟೆಯ ಸುತ್ತ ಸೇರಿಸಿದ. ಕೈಗಳು ಜೋಡಿದವು.

ಶೈಲಾ ಸೋಮವ್ವನ ತೋಳು ಹಿಡಿದು ಓಣಿಯಲ್ಲಿ ನಡೆಯತೊಡಗಿದಳು. ಬೆನ್ನ ಹಿಂದೆ ಹಾರೈಕೆ ಎದ್ದಿತು, ಎಳೆಯ ದನಿಗಳ ಹಾರೈಕೆ, ಕೊನೆಗೆ ಗದಿಗೆಪ್ಪನ ಕ್ಷೀಣವಾದ ಆಗಲಿ, ಆಗಲಿ. ಸೋಮವ್ವ ನಿಂತುಬಿಟ್ಟಳು.

"ನಿಲ್ಲಸವ್ವ ಅದನ್ನ. ತಪ್ಪ ಒಪ್ಪಿಕೊಂಡ್ಲಲ್ಲ. ಆ ಮುದುಕ ಏನ ಮಾಡ್ಯಾನ ಪಾಪ? ನಿನಗ ಪಾಪ ಬರತೈತಿ."

"ಬರಲಿ," ಎಂದಳು ಶೈಲಾ, ಮತ್ತು ಎದುರಿನಿಂದ ಬರುತ್ತಿದ್ದ ಖಾಲಿ ಆಟೋಗೆ ಕೈ ಮಾಡಿದಳು.